ದೇಶ ಅಡವಿಟ್ಟ ರಾಜನ ಸಮಾಧಿ

ಸೋರೋ, ಡೆನ್ಮಾರ್ಕ್
ಭಾನುವಾರ

ಭದ್ರಕ್ಕನಿಗೆ ತಮ್ಮನ ನಮಸ್ಕಾರ.

ಮೆಷಿನ್ ನೋಡಲು ಬಂದ ಕಾರ್ಖಾನೆಗೆ ಇವತ್ತು ರಜೆ. ಹಾಗಾಗಿ ಇಲ್ಲಿಯ ಹಳೆಯ ಚರ್ಚಿಗೆ ಹೋಗಿದ್ದೆವು. ಒಳಗೆ ಎರಡನೆಯ ಕ್ರಿಸ್ಟೋಫರ್ ಎಂಬ ರಾಜನ ಸಮಾಧಿ ಇದೆ. ಮೇಲೆ ಅವನೂ ರಾಣಿಯೂ ಕಂಚಿನಲ್ಲಿ ಮಲಗಿದ್ದಾರೆ. ಏಳುನೂರು ವರ್ಷದ ಹಿಂದೆ ಈ ಮಹಾರಾಯ ದೇಶವನ್ನೇ ತುಂಡು ತುಂಡಾಗಿ ಅಡವಿಟ್ಟನಂತೆ. ನಮ್ಮ ಪೀಣ್ಯದ ಬ್ರೋಕರ್‌ಗಳು ಕಂಡಿದ್ದರೆ ಕೈಮುಗಿಯುತ್ತಿದ್ದರು. ಸಾಯುವಾಗ ಆಳಲು ಹೆಚ್ಚೇನೂ ಉಳಿದಿರಲಿಲ್ಲ. ಆಮೇಲೆ ಮಗ ಒಂದೊಂದಾಗಿ ಬಿಡಿಸಿಕೊಂಡು, ಅಪ್ಪನಿಗೆ ಈ ಸಮಾಧಿಯನ್ನೂ ಮಾಡಿಸಿದನಂತೆ.

ಹತ್ತಿರ ಹೋದವನು ನನಗೇ ಗೊತ್ತಿಲ್ಲದೆ ಶೂ ಬಿಚ್ಚಿ ನಿಂತಿದ್ದೆ. ನೆಲ ಐಸಿನಂತಿತ್ತು. ಜೊತೆಗಿದ್ದ ನಮ್ಮ ಫಿಟ್ಟರ್ ವಸಂತ್ ನಕ್ಕ: "ಹಾಕ್ಕೊಳ್ಳಿ ಅಣ್ಣಾ, ನೆಗಡಿ ಆಗತ್ತೆ. ಇವ್ರೇನು ನಿಮ್ ತಾತಾನಾ?"

ನನಗೆ ನಗು ಬರಲಿಲ್ಲ. ಯಾರೋ ರಾಜನಿಗೆ ಶೂ ಬಿಚ್ಚಿದ ನಾನು, ಬಾಗಲಗುಂಟೆಯ ನಮ್ಮ ಜಾಗದ ಮೂಲೆಯಲ್ಲಿರುವ ಅಪ್ಪನ ಸಮಾಧಿಯನ್ನು ಕೀಳಿಸಿ, ಆ ನೆಲವನ್ನು ಗೋಡೌನ್ ಕಟ್ಟುವವರಿಗೆ ಕೊಡಲು ಒಪ್ಪಿ ಬಂದಿದ್ದೇನೆ. "ಅಪ್ಪನ್ ಮೇಲೆ ಲಾರಿ ನಿಲ್ಲಿಸ್ತೀಯೇನೋ?" ಎಂದು ನೀನು ಕೇಳಿದಾಗ ಎಲ್ಲರೆದುರು ಗದರಿದ್ದೆ. ಫೋನಿನಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ.

ನೀನು ಆ ಗೋಡೌನಿನ ಕರಾರಿಗೆ ಸಹಿ ಹಾಕಬೇಡ. ಆ ಮೂಲೆ ಬಿಟ್ಟು ಗೋಡೆ ಎಬ್ಬಿಸುವುದಾದರೆ ಅವರು ಬರಲಿ, ಇಲ್ಲದಿದ್ದರೆ ಬೇಡ.

ಬಿಪಿ ಮಾತ್ರೆ ತಪ್ಪಿಸಿಲ್ಲ. ಊಟ ಮಾತ್ರ ಸಪ್ಪೆ. ಮಹಾಲಯ ಅಮಾವಾಸ್ಯೆಗೆ ಬಂದಿರುತ್ತೇನೆ. ಈ ಸಲ ಅಪ್ಪನಿಗೆ ಎಡೆ ನಾನೇ ಇಡುತ್ತೇನೆ.

ಶಿವಶಂಕರ