ಅಕ್ಕನ ಬಾಯಿಗೆ ಬಾರದ ಹೆಸರು

ಭೋಜ
೨೨ ಮಾರ್ಚ್ ೧೯೯೮

ಪುಣೆಯಲ್ಲಿ ಕೂತು ಕಂಪ್ಯೂಟರ್ ಕಾಯುವ ವಿದ್ಯೆ ಕಲಿಯುತ್ತಿರುವ ನನ್ನ ಅಕ್ಕನ ಮಗಳು ಸುಗಂಧಾಗೆ, ನಿನ್ನ ಮಾಮಾ ಮಾಳಸಿದ್ದನ ಆಶೀರ್ವಾದ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ ಇದು. ತಿಳಿಯದಿದ್ದರೆ ನಿನ್ನ ಕಂಪ್ಯೂಟರಿಗೆ ತೋರಿಸು. ಕಳ್ಳರ ಗುಟ್ಟು ಹಿಡಿಯುವ ಯಂತ್ರ ನನ್ನ ಅಕ್ಷರಕ್ಕೆ ಹೆದರೀತೇ?

ನಿನ್ನ ಪತ್ರ ಬಂತು. ಎಂ.ಇ. ಬಿಡುತ್ತೇನೆ, ಊರಿಗೂ ಬರುವುದಿಲ್ಲ, ಅವ್ವನ ಮುಖ ನೋಡಲಾರೆ ಎಂದು ಬರೆದಿದ್ದೀಯಾ. ಟೆಂಪೋದಲ್ಲಿ ದ್ರಾಕ್ಷಿ ಹೇರಿಕೊಂಡು ಕಾಗವಾಡದಿಂದ ಮಿರಜಿಗೆ ಹೊರಟವನು ದಾರಿಯಲ್ಲೇ ಗಾಡಿ ನಿಲ್ಲಿಸಿ ಓದಿದೆ. ಹಿಂದಿನ ಲಾರಿಯವನು ಹಾರ್ನ್ ಹಾಕಿ ಹಾಕಿ ಬೈದು ಹೋದ. ಮರಾಠಿಯಲ್ಲಿ ಬೈದ, ಚಲೋ ಬೈದ.

ಹೋದ ವರ್ಷದ ಮಾತು ನೆನಪು ಮಾಡಿಕೋ. ನಿನ್ನ ದೊಡ್ಡವ್ವ ಜನಾಬಾಯಿ, ಅಜ್ಜಿಗೆ ಸೀರಿಯಸ್ ಎಂದು ಸುಳ್ಳು ತಂತಿ ಕೊಟ್ಟು ನಿನ್ನನ್ನು ಕರೆಸಿದಳು. ಅಳುತ್ತಾ ಬಂದರೆ ಅಜ್ಜಿ ಹೂರಣ ರುಬ್ಬುತ್ತಿದ್ದಳು, ಪಡಸಾಲೆಯಲ್ಲಿ ಗಂಡಿನ ಕಡೆಯವರು ಚೂಡಾ ತಿನ್ನುತ್ತಿದ್ದರು. ಆ ಗಂಡಿಗಿಂತ ಅವನ ಮೋಟರ್‌ಸೈಕಲ್ಲೇ ಚಲೋ ಇತ್ತು ಎಂದು ನಾನೇ ಹೇಳಿದೆ.

ಅಂದು ಸಂಜೆ ನೀನು ನಮ್ಮನ್ನು ಕೂಡಿಸಿಕೊಂಡು ಕಾಲೇಜಿನ ಪಾಠ ಹೇಳಿದೆ. ಮಾತಾಡುವವರು ನಮ್ಮವರೇ ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಗುರುತಿನ ಮಾತು ಬೇಕು, ಅದು ಹೊರಗಿನವರಿಗೆ ಗೊತ್ತಿರಬಾರದು ಎಂದೆ. ನಿಮ್ಮಪ್ಪನ ತೊಟ್ಟಿಲ ಹೆಸರನ್ನೇ ನೀನು ಆರಿಸಿದೆ. ಊರಿಗೆಲ್ಲ ಅವರು ಬಾಳಾಸಾಬ. ತೊಟ್ಟಿಲಲ್ಲಿ ಇಟ್ಟ ಹೆಸರು ಮಲಕಾರಿ ಎಂಬುದು ಮನೆಯವರಿಗಷ್ಟೇ ಗೊತ್ತು. ಆ ಹೆಸರು ಹೇಳದೆ ಯಾರು ಫೋನ್ ಮಾಡಿದರೂ ಬರುವುದಿಲ್ಲ ಎಂದೆ. ನಿಮ್ಮಪ್ಪ ನಕ್ಕು, “ನನ್ನ ಹೆಸರಿಗೂ ಒಂದ್ ನೌಕರಿ ಸಿಕ್ತಲೇ ಮಾಳ್ಯಾ” ಎಂದರು. ನಾನೂ ನಕ್ಕೆ. ನಿನ್ನ ಅವ್ವ ಒಳಗೆ ಹೋಗಿ ಚಹಾ ಇಟ್ಟಳು. ಗಂಡನ ಹೆಸರು ಬಾಯಲ್ಲಿ ತರದ ಹೆಂಗಸು ಅದನ್ನು ಹೇಗೆ ಹೇಳಿಯಾಳು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಿಪ್ಪಾಣಿ ದವಾಖಾನೆಯ ಎದುರಿನ ಎಸ್‌ಟಿಡಿ ಬೂತಿನ ನಾಮದೇವ ನನಗೆ ಹೇಳಿದ್ದು ಇದು. ತಂಬಾಕಿನ ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದ ನಿಮ್ಮಪ್ಪನನ್ನು ಒಳಗೆ ಮಲಗಿಸಿ ಅಕ್ಕ ಬೂತಿಗೆ ಓಡಿ ಬಂದಳು. ನಿನ್ನ ಹಾಸ್ಟೆಲಿನ ಮಂಗಲಬಾಯಿ ಫೋನ್ ಎತ್ತಿದಳು. ನೀನು ಲ್ಯಾಬಿನಲ್ಲಿದ್ದೆ.

“ನನ್ನ ಮಗಳಿಗೆ ಹೇಳ್ರಿ ಬಾಯಿ, ಅವರಪ್ಪಗ ಭಾಳ ತ್ರಾಸ ಆಗೈತಿ, ಲಗೂನ ಬಾ ಅನ್ರಿ.”

ಮಂಗಲಬಾಯಿ ನೀನು ಹೇಳಿಕೊಟ್ಟಂತೆಯೇ ಗುರುತಿನ ಮಾತು ಕೇಳಿದಳು. “ಶಬ್ದ ಸಾಂಗಾ, ಬಾಯಿ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳಂತೆ. “ನನಗ ಹೇಳ್ರಿ ಅಕ್ಕಾ, ನಾ ಹೇಳ್ತೀನಿ” ಎಂದ ನಾಮದೇವ.

“ನಿನಗ ಹೇಳಾಕೂ ಬಾಯಿಂದನ ಹೇಳಬೇಕಲ್ಲೋ, ತಮ್ಮಾ!”

ಬರೆದು ಕೊಡಲು ಅಕ್ಕನಿಗೆ ಅಕ್ಷರ ಬಾರದು. ನಾನು ಮಿರಜಿನ ಮಾರ್ಕೆಟ್ಟಿನಲ್ಲಿ ದ್ರಾಕ್ಷಿ ಪೆಟ್ಟಿಗೆ ಇಳಿಸುತ್ತಾ ಹಮಾಲರನ್ನು ನಗಿಸುತ್ತಿದ್ದೆ.

ಚೀಟಿ ನಿನ್ನ ಕೈಗೆ ಬಂತು, ಅದರಲ್ಲಿ ಹೆಸರಿರಲಿಲ್ಲ. ಮತ್ತೆ ಜನಾಬಾಯಿಯ ಆಟ ಎಂದುಕೊಂಡೆ. ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ಮಿರಜಿನಿಂದ ಬಂದು ನಾನು ಆ ಹೆಸರು ಹೇಳಿ ಫೋನ್ ಮಾಡಿದೆ, ಆದರೆ ನೀನು ಬರುವಷ್ಟರಲ್ಲಿ ಬೂದಿಯೂ ಆರಿತ್ತು. ಮಂದಿ ತುಂಬಿದ ಮನೆಯಲ್ಲಿ ನೀನು “ಯವ್ವಾ, ಗೊತ್ತಿದ್ದೂ ಯಾಕ ಹೇಳ್ಲಿಲ್ಲ?” ಎಂದು ಚೀರಿದೆ. ನೀನು ಬ್ಯಾಗ್ ಎತ್ತಿಕೊಂಡು ಹೋದೆ.

ನೀನು ಹೋದ ಮೇಲೆ ನಾನೂ ಅದನ್ನೇ ಕೇಳಿದೆ. “ಒಂದ್ ಸಲ ಅಂದಿದ್ರ ಏನಾಗತಿತ್ತ ಅಕ್ಕಾ?”

ಅವಳು ಅಂದಳು: “ಹೆಸರ ತಗೊಂಡ್ರ ಆಯುಷ್ಯ ಕಡಿಮಿ ಆಗತೈತಿ ಅಂತ ಹುಟ್ಟಿದಾಗಿಂದ ಕೇಳೀನಿ. ಒಳಗ ಅವರು ಉಸಿರಿಗೆ ಒದ್ದಾಡಾಕತ್ತಿದ್ರು. ಆವಾಗ ನಾ ಹೆಸರ ತಗೊಂಡು, ಅತ್ಲಾಗ ಅವರು ಕಣ್ಣ ಮುಚ್ಚಿದ್ರ, ಸುಗಂಧಾಗ ನಾನ ಅವರಪ್ಪನ್ನ ಕಳದಂಗ ಆಗತಿತ್ತಿಲ್ಲೋ?”

ಸುಗಂಧಾ, ಅವಳು ನಿನ್ನ ಮೇಲೆ ಸಿಟ್ಟಾಗಿಲ್ಲ. ನೀನು ಅವಳ ಮೇಲೆ ಸಿಟ್ಟಾಗಿದ್ದೀ ಎಂದು ಊಟ ಬಿಟ್ಟಿದ್ದಾಳೆ. ಪರೀಕ್ಷೆಗೆ ಕೂಡು. ಇದನ್ನೇ ಬರಿ ಬೇಕಾದರೆ. ಭೋಜದಲ್ಲಿ ಗಂಡನ ಹೆಸರು ಹೇಳದ ಹೆಂಗಸರಿದ್ದಾರೆ ಎಂದು ನಿಮ್ಮ ಪುಸ್ತಕ ಬರೆದವರಿಗೆ ಯಾರು ಹೇಳಿಯಾರು? ನೀನು ಓದು ಬಿಟ್ಟರೆ ಅಕ್ಕ ಅದನ್ನೂ ತನ್ನ ತಲೆಯ ಮೇಲೆಯೇ ಹಾಕಿಕೊಳ್ಳುತ್ತಾಳೆ. ಅವಳ ತಲೆಯ ಮೇಲೆ ಇನ್ನು ಜಾಗವಿಲ್ಲ.

ನಿನ್ನ ಮಾಮಾ,
ಮಾಳಸಿದ್ದ

ತಾ.ಕ.: ಪತ್ರ ಮುಚ್ಚುವಷ್ಟರಲ್ಲಿ ಅಕ್ಕ ನನ್ನನ್ನು ನಾಮದೇವನ ಬೂತಿಗೆ ಕರೆದುಕೊಂಡು ಹೋದಳು. ಮಂಗಲಬಾಯಿ ಫೋನ್ ಎತ್ತಿದ ಕೂಡಲೇ, ಕೇಳುವ ಮೊದಲೇ, ಅಕ್ಕ “ಮಲಕಾರಿ” ಎಂದಳು. ಮತ್ತೊಮ್ಮೆಯೂ ಅಂದಳು. “ನಿರೋಪ ಕಾಯ?”, ಸುದ್ದಿ ಏನು ಎಂದು ಆಕೆ ಕೇಳಿದರೆ ಅಕ್ಕ ಫೋನ್ ಇಟ್ಟುಬಿಟ್ಟಳು. ಬರೇ ಹೆಸರಿರುವ ಚೀಟಿ ನಿನ್ನ ಕೈಗೆ ಬಂದರೆ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ.