ಹವಳದ ಕಲ್ಲು ತೊಳೆದದ್ದು

ಹೊಸನಗರ, ೧೭ ನವೆಂಬರ್ ೧೯೬೬, ಗುರುವಾರ

ಮೀನುಗಳನ್ನು ಇವತ್ತು ನಾನೇ ಕೊಂದುಬಿಡುತ್ತಿದ್ದೆ.

ಜ್ವರ ಬಿಟ್ಟ ಮೇಲೆ ಮಗಳು ಪದ್ಮಿ ಅನ್ನ ಮುಟ್ಟುತ್ತಿರಲಿಲ್ಲ. ಇವರು ಗಾಜಿನ ತೊಟ್ಟಿ ತಂದು ಎರಡು ಹೊಳೆಮೀನು ಬಿಟ್ಟಂದಿನಿಂದ, ಅವನ್ನು ನೋಡುತ್ತಾ ನಾಲ್ಕು ತುತ್ತು ತಿನ್ನುತ್ತಾಳೆ. ಅಣ್ಣ ಭಟ್ಕಳದಿಂದ ತಂದ ಹವಳದ ಕಲ್ಲನ್ನು ನಡುವೆ ನಿಲ್ಲಿಸಿ, ಸುತ್ತ ಹೊಳೆಗಲ್ಲು ಜೋಡಿಸಿ ಗವಿ ಮಾಡೋಣವೆಂದುಕೊಂಡೆ. ಮಗು ತೊಟ್ಟಿಯಲ್ಲಿ ಕೈಯಾಡಿಸಿ ಬಾಯಿಗಿಡುತ್ತದೆ ಎಂಬ ಹೆದರಿಕೆಗೆ ಕಲ್ಲುಗಳನ್ನೆಲ್ಲ ಅಂಟುವಾಳದ ನೊರೆಯಲ್ಲಿ ತಿಕ್ಕಿದೆ. ಹವಳದ ತೂತುಗಳಲ್ಲಿ ನೊರೆ ಉಳಿದದ್ದು ಕಾಣಲಿಲ್ಲ. ತೊಟ್ಟಿಯಲ್ಲಿ ಜೋಡಿಸಿದ ಸ್ವಲ್ಪ ಹೊತ್ತಿಗೆ ಮೀನುಗಳು ಮಗ್ಗುಲಾಗಿ ತೇಲತೊಡಗಿದವು.

ಅತ್ತೆ ನೀರು ಮೂಸಿದರು. "ಅಂಟ್ವಾಳನಾ? ಅಯ್ಯೋ ಮಾರಾಯ್ತಿ, ನಮ್ಮಪ್ಪ ಹೊಳೆಗುಂಡೀಲಿ ಮೀನು ಹಿಡಿಯಾಕೆ ಇದ್ನೇ ಜಜ್ಜಿ ಹಾಕ್ತಿದ್ದ! ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ?"

ಬಾವಿನೀರಿನ ಮಡಕೆಗೆ ಬಿಟ್ಟ ಮೇಲೆ ಮೀನುಗಳು ಮೆಲ್ಲಗೆ ನೆಟ್ಟಗಾದವು. ನನಗೆ ಅಳು ನಿಲ್ಲಲಿಲ್ಲ. ಒಳ್ಳೆಯದು ಮಾಡಲು ಹೋಗಿ ನಾಳೆ ಮಗುವಿಗೂ ಹೀಗೇ ಏನಾದರೂ ಮಾಡಿಬಿಟ್ಟರೆ?

"ನಿನ್ ಗಂಡ ಕೂಸಾಗಿದ್ದಾಗ ಹರಳೆಣ್ಣೆ ಹೆಚ್ಚು ಕುಡ್ಸಿ ಮೂರು ದಿನ ಅತ್ತಿದ್ದೆ ನಾನು. ಈಗ ನೋಡು, ಹೋರಿ ಹಂಗದಾನೆ," ಎಂದರು ಅತ್ತೆ. ಹವಳವನ್ನು ಹೊರಗಿಟ್ಟು, ಹೊಳೆಗಲ್ಲುಗಳನ್ನು ಇಬ್ಬರೂ ಏಳೆಂಟು ನೀರಿನಲ್ಲಿ ತೊಳೆದು, ತೊಟ್ಟಿಗೆ ಹೊಸ ನೀರು ತುಂಬಿ ಮತ್ತೆ ಜೋಡಿಸಿದೆವು. ಸಂಜೆ ಮೀನುಗಳು ತೊಟ್ಟಿಗೆ ಮರಳಿದವು. ಪದ್ಮಿ ಐದು ತುತ್ತು ತಿಂದಳು.

ಆದರೂ ನಿದ್ದೆ ಬರಲಿಲ್ಲ. ಈಗಷ್ಟೇ ಎದ್ದು ನೋಡಲು ಹೋದರೆ, ಕತ್ತಲಲ್ಲಿ ಚಿಮಣಿ ಹಿಡಿದು ಅತ್ತೆ ಆಗಲೇ ತೊಟ್ಟಿಯ ಮುಂದೆ ಕೂತಿದ್ದಾರೆ.

"ಬದ್ಕಿದಾವೆ, ಹೋಗಿ ಮಲಕ್ಕ," ಎಂದರು. ತಾವು ಮಾತ್ರ ಏಳಲಿಲ್ಲ.