ಬೆಳ್ಳಗಿದ್ದ ಕರಿ ಎರಡು

ಪರೇಲ್, ಮುಂಬಯಿ

ಬಸಲಿಂಗ ಕಾಕಾ, ಹಾರ್ಮೋನಿಯಂ ಪೇಟಿ ಕಲಿಸಿದ ನಿಮ್ಮ ಕೈಗೆ ಮೊದಲು ನಮಸ್ಕಾರ.

ನಾನು ನೋಡಿಕೊಳ್ಳುವ ಪಾರ್ಸಿ ಅಜ್ಜಿ ದಿನಾಬಾಯಿಯವರ ಮನೆಯಲ್ಲಿ, ಕಾಲಿನಿಂದ ತುಳಿದು ಗಾಳಿ ತುಂಬುವ ಹಳೆಯ ಆರ್ಗನ್ ಒಂದಿದೆ. ಬೆರಳಿನಿಂದ ಒತ್ತುವ ಪಟ್ಟಿಗಳ ಜಾಗವೆಲ್ಲ ನಮ್ಮ ಪೇಟಿಯದೇ, ಬಣ್ಣ ಮಾತ್ರ ಉಲ್ಟಾ. ಬಿಳಿ ಇರಬೇಕಾದಲ್ಲಿ ಕರಿ, ಕರಿ ಇರಬೇಕಾದಲ್ಲಿ ಬಿಳಿ. ಹಿಂದೆ ವಿಲಾಯತಿಯಲ್ಲಿ ಕೆಲವರು ಹೀಗೂ ಮಾಡುತ್ತಿದ್ದರಂತೆ. ನಿನ್ನೆ ಅಜ್ಜಿ ನುಡಿಸು ಎಂದರು. ಭಜನೆಗೆ ಕೂತಾಗ ನೀವು "ಕರಿ ಎರಡು ಹಿಡಿಯವ್ವಾ" ಅನ್ನುತ್ತಿದ್ದಿರಲ್ಲ, ಅದೇ ರೂಢಿಯಿಂದ ಕಣ್ಣಿಗೆ ಕಂಡ ಎರಡನೆಯ ಕರಿ ಪಟ್ಟಿಯನ್ನೇ ಒತ್ತಿ ಭಜನೆಯ ಪದ ಶುರು ಮಾಡಿದೆ. ನಮ್ಮ ಕರಿ ಎರಡು ಅಲ್ಲಿ ಬೆಳ್ಳಗಿತ್ತು. ನಾಲ್ಕು ಸ್ವರ ಹೋಗುವುದರೊಳಗೆ ಪದ ಹದಗೆಟ್ಟು ಅಜ್ಜಿ ಕಿವಿ ಮುಚ್ಚಿಕೊಂಡರು. "ದೇಖೋ ಮತ್! ಆಂಖ್ ಬಂದ್ ಕರೋ" ಎಂದು ಗದರಿದರು. ಪಟ್ಟಿ ನೋಡುವುದು ಬಿಟ್ಟು ಕಣ್ಣು ಮುಚ್ಚಿದೆ. ಬೆರಳುಗಳು ತಾವೇ ಜಾಗ ಹಿಡಿದವು. ಪದ ಮುಗಿಯುವವರೆಗೆ ಒಂದೂ ತಪ್ಪಲಿಲ್ಲ.

ಇಲ್ಲಿಯ ಧೂಳಿಗೆ ಕೆಮ್ಮು ಹತ್ತಿತ್ತು, ಈಗ ಆರಾಮ ಇದ್ದೇನೆ. ನಿಮ್ಮ ಕಣ್ಣುರಿಗೆ ಹನಿ ಔಷಧ ಊರಿಗೆ ಹೊರಟ ಶರಣನ ಕೈಯಲ್ಲಿ ಕಳಿಸಿದ್ದೇನೆ, ಬಿಡದೆ ಹಾಕಿಕೊಳ್ಳಿರಿ.

ಕಣ್ಣು ಕಾಣದಾದ ಮೇಲೆ "ಇನ್ನ ನನಗ್ಯಾತರ ಪೇಟಿ" ಎಂದು ಅದನ್ನು ಅಟ್ಟಕ್ಕೆ ಏರಿಸಿದಿರಿ. ಅಂದು ನಾನೂ ಒಪ್ಪಿದ್ದೆ. ಇನ್ನು ಆ ಮಾತು ಒಪ್ಪುವುದಿಲ್ಲ.

ಅಜ್ಜಿ ಕರೆಯುತ್ತಿದ್ದಾರೆ, ಕಾರ್ಡಿನಲ್ಲೂ ಜಾಗ ಮುಗಿಯಿತು. ಕಾಕು, ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳುತ್ತಿರುವವರು ನೀವೇ ತಾನೆ? ಓದಿದ್ದು ಸಾಕು. ಏಳಿರಿ, ಪೇಟಿ ಇಳಿಸಿ ಅವರ ಮುಂದೆ ಇಡಿರಿ.

ತಂಗೆವ್ವ